ಜೇವಿಯರನನ್ನು ಕೇಳಿಕೊಂಡು ಬಂದವನು

ಬಂದವನು ಧೋತರ ಉಟ್ಟಿದ್ದ. ಹೆಗಲ ಮೇಲೆ ಟವೆಲ್ಲು, ಹಣೆಯಲ್ಲಿ ವಿಭೂತಿ. ಕಾಲಲ್ಲಿ ಮಾತ್ರ ಪೊಲೀಸರ ಬೂಟು.

ಅದನ್ನು ಮೊದಲು ಕಂಡವಳು ಬಿಬಿಜಾನ್. ಕೋಗಿಲಬನದ ಸಿದ್ದಿಗಳ ಓಣಿಯಲ್ಲಿ ಅವಳದೇ ಮೊದಲ ಮನೆ. ಕೋಳಿ ಅಟ್ಟುವವಳಂತೆ ಎರಡು ಸಲ ಜೋರಾಗಿ ಕೂಗಿದಳು. ಮೂರನೆಯ ಮನೆಯ ಹಿತ್ತಲಲ್ಲಿ ಉಳಿಯ ಸಪ್ಪಳ ನಿಂತಿತು. ಜೇವಿಯರ್ ಬೇಲಿ ಹಾರಿ ಕಾಡು ಸೇರಿದ.

"ಜೇವಿಯರ್ ಅನ್ನಾವನ ಮನಿ ಯಾವುದವ್ವಾ?"

"ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ."

ಎದುರಿನ ಕಟ್ಟೆಯ ಮೇಲೆ ಮುದುಕ ಸೋಮಾ ಬಿದಿರು ಸೀಳುತ್ತ ಕುಳಿತಿದ್ದ. ಬಂದವನು ಅತ್ತ ತಿರುಗಿದ.

"ಅಜ್ಜಾ, ನೀನರ ಹೇಳು."

"ನಾ ಈ ಊರಿಗೆ ಹೊಸಬ ರೀ."

"ಬಂದು ಎಷ್ಟು ವರ್ಷ ಆತು?"

"ಹುಟ್ಟಿದಾಗ ಬಂದೇನ್ರಿ."

ಬಂದವನು ನಕ್ಕ. ಸೋಮಾ ನಗಲಿಲ್ಲ. ನಾಲ್ಕು ವರ್ಷದ ಹಿಂದೆ ಹೀಗೆಯೇ ಒಬ್ಬ ಬಂದು, ಎರಡು ಮಾತು ಕೇಳುವುದಿದೆ ಎಂದು ಅವನನ್ನು ಕರೆದೊಯ್ದಿದ್ದ. ಕಾಡಿನ ಒಂದು ಸಾಗವಾನಿ ತುಂಡಿನ ಸಲುವಾಗಿ ಆರು ತಿಂಗಳ ಜೈಲಾಯಿತು. ಅಂದಿನಿಂದ ಓಣಿಗೆ ಒಂದೇ ಕಟ್ಟಳೆ. ಬೂಟಿನವರು ಯಾರ ಹೆಸರು ಹಿಡಿದು ಬಂದರೂ ಆ ಹೆಸರಿನವರು ಅಲ್ಲಿಲ್ಲ.

ಈ ಸಲ ಕಾಪಾಡಬೇಕಾದದ್ದು ದೊಡ್ಡದಾಗಿತ್ತು.

ಜೇವಿಯರ್ ದಾಂಡೇಲಿಯಲ್ಲಿ ಬಡಿಗತನ ಮಾಡುತ್ತಿದ್ದ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಮಸ್ಕತ್ತಿನ ಕಂಪನಿಯವರು ಹುಬ್ಬಳ್ಳಿಗೆ ಬಂದು ಕೈಕೆಲಸದ ಪರೀಕ್ಷೆ ನಡೆಸಿದಾಗ, ಒಂದೂ ಮೊಳೆ ಹೊಡೆಯದೆ ಕಿಟಕಿಯ ಚೌಕಟ್ಟು ಕೂಡಿಸಿ ತೋರಿಸಿದ. ಎಪ್ಪತ್ತು ಮಂದಿಯಲ್ಲಿ ನಾಲ್ವರನ್ನು ಆರಿಸಿದರು. ಅವನೂ ಒಬ್ಬ. ಓಣಿಯ ಹಿರಿಯರ ಹಿರಿಯರನ್ನು ಕಡಲಾಚೆಯಿಂದ ಗುಲಾಮರನ್ನಾಗಿ ಹಿಡಿದು ಹಡಗಿನಲ್ಲಿ ತಂದಿದ್ದರಂತೆ. ತನ್ನ ಕೈಕಸುಬಿನ ಬಲದ ಮೇಲೆ ಕಡಲು ದಾಟುವವನು ಇವನೇ ಮೊದಲು.

ಸೆಪ್ಟೆಂಬರ್ ಮುಗಿಯುವುದರೊಳಗೆ ಮುಂಬಯಿ ಮುಟ್ಟಬೇಕು. ತಪ್ಪಿದರೆ ಆ ಜಾಗ ಬೇರೆಯವನದು. ಪಾಸ್‌ಪೋರ್ಟು ಅಂಚೆಯಲ್ಲಿ ಬರುತ್ತದೆಂದು ಅರ್ಜಿ ಬರೆದುಕೊಟ್ಟವನು ಹೇಳಿದ್ದ. ಓಣಿಯೆಲ್ಲ ಅಂಚೆಯವನ ದಾರಿ ನೋಡುತ್ತಿತ್ತು. ಅಷ್ಟರಲ್ಲಿ ಈ ಬೂಟು ಬಂದಿತ್ತು. ಪ್ರಯಾಣಕ್ಕೆಂದು ಜೇವಿಯರ್ ಮಾಡುತ್ತಿದ್ದ ಪೆಟ್ಟಿಗೆಯ ಹಲಗೆಯೆಲ್ಲ ಕಾಡಿನ ಸಾಗವಾನಿ.

ಅವನ ತಾಯಿ ಲುಯಿಜಾಬಾಯಿ ಪೆಟ್ಟಿಗೆಯ ಮೇಲೆ ಕೌದಿ ಹೊದಿಸಿ ಬಾಗಿಲಿಗೆ ಬರುವಷ್ಟರಲ್ಲಿ ಬಂದವನು ಮನೆಯ ನಂಬರು ನೋಡುತ್ತ ಅಲ್ಲಿಗೇ ಬಂದು ನಿಂತಿದ್ದ.

"ನಾ ಹಳಿಯಾಳದಿಂದ ಬಂದೇನ್ರಿ. ಉಳವಪ್ಪ ಅಂತ, ಪೊಲೀಸ. ಹೆದರಬ್ಯಾಡ್ರಿ, ಅದಕ್ಕ ಧೋತರ ಉಟ್ಟು ಬಂದೇನಿ." ಬಂದವನು ಚೀಲದಿಂದ ಒಂದು ಕಾಗದ ತೆಗೆದು ಓದಿದ. "ಜೇವಿಯರ್. ವಯಸ್ಸು ಇಪ್ಪತ್ತಾರು. ಬಡಿಗ. ಎಡ ಹುಬ್ಬಿನ ಮ್ಯಾಲ ಹಳೇ ಗಾಯದ ಕಲಿ. ನಿಮ್ಮ ಮಗಾ ಹೌದಲ್ರಿ?"

ಗಾಯದ ಗುರುತನ್ನೂ ಬರೆದುಕೊಂಡು ಬಂದಿದ್ದಾನೆ. ಲುಯಿಜಾಬಾಯಿ ಒಮ್ಮೆ ಹಿತ್ತಲತ್ತ ನೋಡಿದಳು.

"ಅಂವನ ಮ್ಯಾಲ ಕಟ್ಟಿಗಿ ಕೇಸು ಏನರ ಅದಾವೇನು?" ಉಳವಪ್ಪ ಮುಂದಿನ ಸಾಲು ನೋಡಿ ಕೇಳಿದ.

"ಅಂವ ಸತ್ತಾನ್ರಿ" ಎಂದಳು.

ಉಳವಪ್ಪ ಕಾಗದ ಕೆಳಗಿಳಿಸಿದ. "ಯಾವಾಗ?"

"ಎರಡು ತಿಂಗಳಾತು. ಜ್ವರ ಬಂದಿತ್ರಿ. ಹೊಳಿ ತುಂಬಿತ್ತು. ದಾಂಡೇಲಿಗೆ ಒಯ್ಯಾಕ ಆಗಲಿಲ್ಲ."

ಅದರಲ್ಲಿ ಹೆಸರೊಂದೇ ಸುಳ್ಳು. ಎರಡು ತಿಂಗಳ ಹಿಂದೆ ಹಾಗೆಯೇ ತೀರಿಕೊಂಡವನು ಅವಳ ಹಿರಿಯ ಮಗ ಸಂತಾನ. ಹಿತ್ತಲಾಚೆ, ಮತ್ತಿಮರದ ಬುಡದಲ್ಲಿ ಅವನ ಮಣ್ಣು ಇನ್ನೂ ಕೂತಿರಲಿಲ್ಲ. ತಮ್ಮನೇ ಶಿಲುಬೆ ಮಾಡಿ ನೆಟ್ಟಿದ್ದ. ಹೆಸರು ಕೆತ್ತುವುದು ಉಳಿದಿತ್ತು. ಅವಳು ಉಳವಪ್ಪನನ್ನು ಅಲ್ಲಿಗೇ ಕರೆದೊಯ್ದಳು.

"ನಾ ಬರಕೊಂಡು ಹೋಗಬೇಕವ್ವಾ. ನಿಮ್ಮ ದೇವರ ಮುಂದ ಹೇಳ್ತೀಯೇನು?"

ಲುಯಿಜಾಬಾಯಿ ದೇವರ ಹೆಸರಿನಲ್ಲಿ ಎಂದೂ ಸುಳ್ಳಾಡಿದವಳಲ್ಲ. ಶಿಲುಬೆಯ ಮೇಲೆ ಕೈ ಇಟ್ಟು ಅಂದು ಆಡಿದಳು. ಬದುಕಿರುವ ಮಗನನ್ನು ಸತ್ತನೆಂದಳು. ಆದರೆ ಕೈಗೆ ಆ ಮರ ತಾಕಿದ ಕೂಡಲೆ ಬಂದ ಅಳು ಸಂತಾನನಿಗಾಗಿ, ಅದು ಸುಳ್ಳಾಗಿರಲಿಲ್ಲ.

ಉಳವಪ್ಪ ಹೆಗಲಿನ ಟವೆಲ್ಲು ತೆಗೆದು ಮಣ್ಣಿಗೆ ಕೈಮುಗಿದ. "ಶಿವಾ" ಎಂದ. ಟವೆಲ್ಲು ಮತ್ತೆ ಹೆಗಲಿಗೆ ಹಾಕಿಕೊಂಡ. "ಒಂದು ಮಾತು ಹೇಳೂದಿತ್ತು. ಇನ್ನ ಅದನ್ನ ಹೇಳಿ ನಿನ್ನ ಹೊಟ್ಟಿ ಯಾಕ ಉರಸಲಿ, ಬಿಡು."

ಅವಳೂ ಕೇಳಲಿಲ್ಲ. ಅವನು ಇನ್ನೇನೂ ಕೇಳದೆ ಹೋದರೆ ಸಾಕಾಗಿತ್ತು.

"ಇಬ್ಬರು ಸಾಕ್ಷಿ ಬೇಕು" ಎಂದ ಉಳವಪ್ಪ. ಕರೆಯುವ ಮೊದಲೇ ಬಿಬಿಜಾನ್ ಮತ್ತು ಸೋಮಾ ಬಂದು ನಿಂತಿದ್ದರು.

"ಏನಜ್ಜಾ, ಈಗ ಹೆಸರು ನೆನಪಾತೇನು?"

"ಸತ್ತವರ ಹೆಸರು ಎತ್ತಬಾರದಂತ ಸುಮ್ಮನಿದ್ದೇನ್ರಿ."

ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಉಳವಪ್ಪ ಮಸಿಯ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಹಿಂದೆ ನೋಡದೆ ಬಸ್ಸಿನ ದಾರಿ ಹಿಡಿದ.

ಬೂಟಿನ ಸಪ್ಪಳ ಅಳಿದ ಮೇಲೆ ಜೇವಿಯರ್ ಕಾಡಿನಿಂದ ಹೊರಗೆ ಬಂದ. ಮೈಯೆಲ್ಲ ಜಿಗಣೆ.

"ಏನಂತ ಹೇಳಿದ್ಯವ್ವಾ?"

ಲುಯಿಜಾಬಾಯಿ ಅವನ ಕಾಲಿನ ಜಿಗಣೆ ಕೀಳತೊಡಗಿದಳು. ಬಿಬಿಜಾನ್ ಹೇಳಿದಳು: "ನಿನ್ನ ಮಣ್ಣು ಮಾಡಿ ಕಳಿಸಿದಿವಿ. ಇನ್ನ ನಿನ್ನ ಯಾರೂ ಹುಡುಕೂದಿಲ್ಲ."

"ದೆವ್ವ ಆಗೇ ಮಸ್ಕತ್ತಿಗೆ ಹೋಗು" ಎಂದ ಸೋಮಾ. "ಟಿಕೀಟು ಉಳೀತೈತಿ."

ಸಂತಾನ ಹೋದ ಮೇಲೆ ಆ ಹಿತ್ತಲಲ್ಲಿ ನಗು ಕೇಳಿದ್ದು ಅಂದೇ ಮೊದಲು. ಜೇವಿಯರ್ ಕೌದಿ ಸರಿಸಿ ಮತ್ತೆ ಉಳಿ ಹಿಡಿದ. ಇನ್ನು ಹನ್ನೊಂದು ದಿನವಿತ್ತು.

ಅವನ ತಾಯಿ ಮಾತ್ರ ಮತ್ತಿಮರದ ಕೆಳಗೆ ಮೊಣಕಾಲೂರಿ ಕುಳಿತಳು. ಪಾಪ ತನ್ನ ತಲೆಯ ಮೇಲೇ ಇರಲಿ, ಹುಡುಗನ ದಾರಿಗೆ ಅಡ್ಡ ಬಾರದಿರಲಿ ಎಂದು ಬೇಡಿಕೊಂಡಳು.

ಹಳಿಯಾಳದ ಬಸ್ಸಿನಲ್ಲಿ ಉಳವಪ್ಪ ಕಾಗದವನ್ನು ತೊಡೆಯ ಮೇಲೆ ಹರಡಿದ. "ಸದರಿಯವರಿಗೆ ಪಾಸ್‌ಪೋರ್ಟ್ ಕೊಡಲು ಅಡ್ಡಿ ಇದೆಯೇ?" ಎಂಬ ಸಾಲಿನ ಮುಂದೆ, ಗಾಡಿ ನಿಲ್ಲುವುದನ್ನೇ ಕಾದು, ಅಕ್ಷರ ಕೆಡದಂತೆ ಬರೆದ: ಅರ್ಜಿದಾರ ಮೃತ.