ಎಂಜಿನ್ನಿನೊಳಗಿನ ಉಪ್ಪುನೀರು

ಈಗಲೂ ಎಲ್ಲಾದರೂ ಹಳೆಯ ಎಂಜಿನ್ ಆಯಿಲ್ ವಾಸನೆ ಬಡಿದರೆ ನನ್ನ ಬಾಯಲ್ಲಿ ಉಪ್ಪಿನ ರುಚಿ ಬರುತ್ತದೆ.

ಪೀಣ್ಯದಲ್ಲಿ ಅಪ್ಪನ ರಿಪೇರಿ ಶೆಡ್ಡು, ಅದರ ಹಿಂದೆಯೇ ನಮ್ಮ ಮನೆ. ಅಮ್ಮ ತವರು ಮಲ್ಪೆಗೆ ಹೋಗದೆ ವರ್ಷಗಳೇ ಆಗಿದ್ದವು. ಅವಳಣ್ಣ ತನ್ನ ಮೀನಿನ ದೋಣಿಯ ಎಂಜಿನ್ನನ್ನು ಅಲ್ಲಿಂದ ಲಾರಿಗೆ ಹಾಕಿ ಕಳಿಸಿದ್ದ. ಒಳಗೆ ನೀರಿದ್ದರೆ ತಳಕ್ಕಿಳಿಯಲಿ ಎಂದು ಅಪ್ಪ ಅದನ್ನು ಒಂದು ದಿನ ಅಲುಗಾಡಿಸದೆ ಬಿಟ್ಟು, ಮರುದಿನ ಮಧ್ಯಾಹ್ನ ತಳದ ಬೋಲ್ಟ್ ಬಿಚ್ಚಿದರು. ಕೆಳಗಿಟ್ಟ ಡಬ್ಬಿಗೆ ಮೊದಲು ನೀರು ಸುರಿಯಿತು, ಆಮೇಲೆ ಹಾಲು ಬೆರೆಸಿದ ಕಾಫಿಯಂಥ ಆಯಿಲ್.

“ಮಳೆನೀರಾದ್ರೆ ಆಯಿಲ್ ಬದಲಾಯಿಸಿದ್ರೆ ಸಾಕು. ಸಮುದ್ರದ್ದಾದ್ರೆ ಒಳಗೆಲ್ಲೋ ತೂತಾಗಿದೆ, ಪೂರ್ತಿ ಬಿಚ್ಬೇಕು,” ಎಂದರು. ಸದಾ ಹೊಗೆಸೊಪ್ಪು ತುಂಬಿದ ಅವರ ಬಾಯಿಗೆ ರುಚಿ ತಿಳಿಯುತ್ತಿರಲಿಲ್ಲ. ಅಮ್ಮನನ್ನು ಕೂಗಿದರು. “ಬಾರೇ ಇಲ್ಲಿ, ಒಂಚೂರು ನಾಲಿಗೆಗಿಟ್ಟು ನೋಡು.”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಡಬ್ಬಿಯೊಳಗೆ ಬೆರಳದ್ದಿ ನೆಕ್ಕಿದಳು. “ಉಪ್ಪು ಮಾರಾಯ್ರೆ. ಸಮುದ್ರದ್ದೇ.”

“ಹಂಗಾದ್ರೆ ಬಿಚ್ಚೋದೇ,” ಎಂದು ಅಪ್ಪ ಸ್ಪ್ಯಾನರ್ ತರಲು ಹೋದರು.

“ಥೂ, ಉಗಿಯಮ್ಮಾ,” ಎಂದು ನಾನು ನೀರಿನ ಲೋಟ ಹಿಡಿದು ನಿಂತೆ. ಅಮ್ಮ ಲೋಟ ಮುಟ್ಟಲಿಲ್ಲ. ಮೇಲೆ ತೇಲುತ್ತಿದ್ದ ಆಯಿಲ್ ಸರಿಸಿ ಮತ್ತೆ ಬೆರಳದ್ದಿ, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಇನ್ನೊಮ್ಮೆ ಅದ್ದಿ, ಸಮುದ್ರವನ್ನೇ ನೋಡದ ನನ್ನ ನಾಲಿಗೆಗೂ ಸವರಿದಳು.