ತಿದ್ದಿದ ಕತ್ತು

ಚೆಂಡು ರಿಂಗಿನ ಅಂಚಿಗೆ ಬಡಿದು ಪಕ್ಕಕ್ಕೆ ಹಾರಿತು. ಅದರ ಹಿಂದಿನದು ಬೋರ್ಡನ್ನೂ ಮುಟ್ಟಿರಲಿಲ್ಲ. ಕೋಚ್ ಮೇಡಂ ಸೀಟಿಯನ್ನು ಬಾಯಿಗಿಟ್ಟುಕೊಂಡರು, ಊದದೆ ಕೆಳಗೆ ಬಿಟ್ಟರು. ಮುಂದಿನ ವರ್ಷದ ಬಾಸ್ಕೆಟ್‌ಬಾಲ್ ತಂಡದಲ್ಲಿ ಯಾರಿರಬೇಕು ಎಂಬುದನ್ನು ಸಂಜೆಯೊಳಗೆ ಹೇಳಬೇಕಿತ್ತು. ಆಟದ ಕೋಟಾದಲ್ಲಿ ಬಂದವರು ತಂಡದಿಂದ ಹೊರಬಿದ್ದರೆ ಕಾಲೇಜಿನ ಸೀಟೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಉಳಿದವರನ್ನೆಲ್ಲ ಕಳಿಸಿ ಈ ಮೊದಲ ವರ್ಷದ ಹುಡುಗಿಯೊಬ್ಬಳನ್ನೇ ಅವರು ಕೋರ್ಟಿನಲ್ಲಿ ಉಳಿಸಿಕೊಂಡಿದ್ದರು.

ಬಂದಾಗ ಇವಳು ಹೀಗಿರಲಿಲ್ಲ. ಉದ್ದನೆಯ ಕಾಲು, ಎಡಕ್ಕೆ ವಾಲಿದ ಕತ್ತು. ಮೊದಲ ವಾರವೇ ಹುಡುಗಿಯರು ಕೊಕ್ಕರೆ ಎಂದು ಹೆಸರಿಟ್ಟರು. “ನೋಡ್ರೇ, ರಿಂಗ್ ಏನೋ ಗುಟ್ಟು ಹೇಳ್ತಿದೆಯಂತೆ, ಕಿವಿ ಕೊಟ್ಟು ಕೇಳ್ತಿದ್ದಾಳೆ” ಎಂದು ಆಡಿಕೊಂಡರು. ಗುಟ್ಟು ಹೇಳುತ್ತಿದ್ದದ್ದು ನಿಜವೇನೋ ಎನ್ನುವ ಹಾಗೆ ಅವಳು ಎಸೆದ ಚೆಂಡು ಸದ್ದಿಲ್ಲದೆ ಬಲೆಯೊಳಗೆ ಇಳಿಯುತ್ತಿತ್ತು. ಆಡಿಕೊಳ್ಳುತ್ತಿದ್ದವರೂ ಬಾಯಿ ಮುಚ್ಚಿ ನೋಡುತ್ತಿದ್ದರು.

ಭೌತಶಾಸ್ತ್ರ ಓದಿ ಆಟದ ಕಡೆ ಬಂದ ಮೇಡಂಗೆ ಮಾತ್ರ ಆ ಕತ್ತು ಕಣ್ಣಿಗೆ ಚುಚ್ಚಿತು. ಪಾದ, ಮಂಡಿ, ಮೊಣಕೈ, ಮಣಿಕಟ್ಟು ಒಂದೊಂದನ್ನೂ ಬಿಡಿಸಿ ನೋಡಿದರು; ಎಲ್ಲ ಸರಿಯಿತ್ತು. ತಲೆಯೊಂದು ನೆಟ್ಟಗಾದರೆ ಇವಳನ್ನು ಹಿಡಿಯುವವರೇ ಇಲ್ಲ ಅನ್ನಿಸಿತು. ಮೆತ್ತನೆಯ ಪಟ್ಟಿ ತಂದು ಕತ್ತಿಗೆ ಕಟ್ಟಿಸಿದರು, ಗೋಡೆಗೆ ತಲೆಯೊತ್ತಿ ನಿಲ್ಲಿಸಿದರು. ಗುರಿ ತಪ್ಪತೊಡಗಿದಾಗ, ಹಳೆಯ ಅಭ್ಯಾಸ ಅಳಿಯುವಾಗ ಹೀಗಾಗುವುದೇ, ಇಳಿದ ಮೇಲೆ ಏರುತ್ತಾಳೆ ಎಂದು ಕ್ರೀಡಾ ನಿರ್ದೇಶಕರಿಗೂ ಹೇಳಿದರು, ತಮಗೂ ಹೇಳಿಕೊಂಡರು. ಹುಡುಗಿ ಒಂದು ದಿನವೂ ಎದುರಾಡಲಿಲ್ಲ. ವರ್ಷ ಕಳೆಯಿತು. ಇಳಿದವಳು ಏರಲಿಲ್ಲ.

“ಬಾ ಇಲ್ಲಿ. ಎಸೆಯೋವಾಗ ಏನ್ ನೋಡ್ತೀಯ?”

“ರಿಂಗ್, ಮೇಡಂ.”

“ಅದು ಗೊತ್ತು ಕಣೇ. ರಿಂಗಲ್ಲಿ ಎಲ್ಲಿ? ಮುಂದಿನ ಅಂಚಾ, ಹಿಂದಿನ ಅಂಚಾ?”

ಹುಡುಗಿ ತೋಳಿನಿಂದ ಹಣೆ ಒರೆಸಿಕೊಂಡಳು. “ಯಾವ ರಿಂಗಿಂದು ಮೇಡಂ? ಮೇಲಿನದ್ದಾ, ಕೆಳಗಿನದ್ದಾ?”

ಮೇಡಂ ನಕ್ಕುಬಿಟ್ಟರು. ಅವಳು ನಗದೆ ನಿಂತಿದ್ದನ್ನು ಕಂಡು ಆ ನಗು ಅಲ್ಲೇ ಆರಿತು. “ಎರಡು ಕಾಣುತ್ತಾ ನಿಂಗೆ?”

“ನೆಟ್ಟಗೆ ನಿಂತ್ರೆ ಎರಡು. ಕತ್ತು ವಾಲಿಸಿದ್ರೆ ಎರಡೂ ಬಂದು ಒಂದ್ರಲ್ಲೊಂದು ಕೂತ್ಕೊಂಡ್ಬಿಡ್ತವೆ. ಚಿಕ್ಕೋಳಿದ್ದಾಗ ಫೋಟೋ ತೆಗೆಸೋಕೆ ಹೋದ್ರೆ ಅಪ್ಪ ಗಲ್ಲ ಹಿಡಿದು ಸರಿಯಾಗಿ ಕೂರಿಸೋರು. ತಕ್ಷಣ ಫೋಟೋ ಅಂಕಲ್ ಇಬ್ಬರಾಗ್ಬಿಡೋರು.”

“ಇಡೀ ವರ್ಷ ಇದನ್ನ ಯಾಕೆ ಹೇಳ್ಲಿಲ್ಲ ನೀನು?”

“ಹೇಳೋಕೇನಿದೆ ಮೇಡಂ? ಎಲ್ರಿಗೂ ಹಾಗೇ ಅಲ್ವಾ? ಎರಡರಲ್ಲಿ ಸರಿಯಾದದ್ದನ್ನ ಆರಿಸ್ಕೊಳ್ಳೋದನ್ನೇ ನೀವು ಕಲಿಸ್ತಿದ್ದೀರ ಅಂದ್ಕೊಂಡಿದ್ದೆ. ನಂಗೆ ಬೇಗ ಬರ್ತಿಲ್ಲ, ಅಷ್ಟೇ.”

ಮೇಡಂ ಬೆಂಚಿನ ಮೇಲೆ ಕುಳಿತರು. ಕಣ್ಣಿನ ಯಾವುದೋ ಸಣ್ಣ ಸ್ನಾಯು ಹುಟ್ಟಿನಿಂದಲೇ ಸೋತಿರಬೇಕು. ಅದರ ಕೆಲಸವನ್ನು ಕತ್ತು ಸದ್ದಿಲ್ಲದೆ ತನ್ನ ಮೇಲೆ ಹೊತ್ತುಕೊಂಡಿತ್ತು. ತಾವು ಪಟ್ಟಿ ಸುತ್ತಿ ಕಟ್ಟಿಹಾಕಿದ್ದು ಅದನ್ನೇ.

ಅವರು ದಡಕ್ಕನೆ ಎದ್ದರು. “ವಾಲಿಸು. ಬಂದಾಗ ಹೇಗೆ ಎಸೀತಿದ್ಯೋ ಹಾಗೇ ಎಸಿ.”

ಹುಡುಗಿ ಕತ್ತು ವಾಲಿಸಿದಳು, ಮಂಡಿ ಬಗ್ಗಿಸಿದಳು. ಕೈ ಮೇಲೇರುತ್ತಿದ್ದಂತೆ ತಲೆ ತಾನಾಗಿ ನೆಟ್ಟಗಾಯಿತು. ಚೆಂಡು ಬೋರ್ಡಿನ ನೆತ್ತಿ ಸವರಿ ಆಚೆ ಬಿತ್ತು. ಮತ್ತೊಮ್ಮೆ ಎಸೆದಳು, ಮತ್ತೂ ಹಾಗೆಯೇ. ಮೇಡಂ ಹಿಂದೆ ನಿಂತು ಎರಡೂ ಕೈಯಿಂದ ಅವಳ ತಲೆಯನ್ನು ಎಡಕ್ಕೆ ಹಿಡಿದರು. ಅವಳು ಚೆಂಡೆತ್ತಿದಳು. ಅಂಗೈಗಳ ನಡುವೆ ಆ ಕತ್ತು ಬಲವಾಗಿ ತಿರುಗಿ ಒತ್ತಿತು. ಕಲಿಸಿದ್ದು ಅಷ್ಟು ಚೆನ್ನಾಗಿ ಮೈಗೆ ಹತ್ತಿತ್ತು.

“ಏನ್ ಮೇಡಂ, ಇರ್ತಾಳಾ, ಹೋಗ್ತಾಳಾ?” ಬಾಗಿಲಲ್ಲಿ ನಿರ್ದೇಶಕರು ಗಾಡಿಯ ಕೀ ಆಡಿಸುತ್ತ ನಿಂತಿದ್ದರು.

ಮೇಡಂ ಅವರ ಹತ್ತಿರ ಹೋದರು. “ಇನ್ನೊಂದು ವರ್ಷ ಕೊಡಿ ಸರ್. ಅವಳ ಕಣ್ಣಲ್ಲಿ ತೊಂದರೆ ಇದೆ, ನನಗೆ ಗೊತ್ತಾಗಲಿಲ್ಲ. ಅವಳ ಆಟ ಕೆಡಿಸಿದ್ದು ನಾನು.”

“ಕಣ್ಣಲ್ಲಿ ತೊಂದರೆನಾ?” ನಿರ್ದೇಶಕರ ಮುಖ ಹಗುರಾಯಿತು. “ಮೊದಲೇ ಹೇಳಬಾರ್ದಾ! ಆಟ ಬರಲ್ಲ ಅಂತ ಕಳಿಸೋಕೆ ನನಗೂ ಒಂಥರಾ ಆಗ್ತಿತ್ತು. ಕಣ್ಣಿನ ತೊಂದರೆ ಅಂದ್ಮೇಲೆ ಯಾರೂ ಏನೂ ಅನ್ನಲ್ಲ. ನಾನೇ ಆಫೀಸಿಗೆ ಹೇಳಿಬಿಡ್ತೀನಿ.”

“ಸರ್, ನಾನು ಹೇಳ್ತಿರೋದು ಅದಲ್ಲ...”

“ನೀವು ತಲೆ ಕೆಡಿಸ್ಕೋಬೇಡಿ ಮೇಡಂ. ನಿಮ್ಮದೇನೂ ತಪ್ಪಿಲ್ಲ.” ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಮೇಡಂ ಎರಡು ಸಲ ಕೂಗಿದರು. ಗಾಡಿ ಹೊರಟ ಸದ್ದು ಕೇಳಿಸಿತು.

ಒಳಗೆ ಹುಡುಗಿ ಚೆಂಡುಗಳನ್ನು ಒಂದೊಂದಾಗಿ ಬಲೆಯ ಚೀಲಕ್ಕೆ ತುಂಬುತ್ತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

“ಮೇಡಂ, ಒಂದು ಕೇಳ್ಲಾ? ನಿಮಗೆ ಎಷ್ಟು ಕಾಣುತ್ತೆ?”

“ಒಂದೇ.”

“ಯಾವಾಗ್ಲೂನಾ?”

“ಯಾವಾಗ್ಲೂ.”

“ನಮ್ಮ ತಂಡದಲ್ಲಿ ಎಲ್ರಿಗೂ?”

ಮೇಡಂ ಹೂಂಗುಟ್ಟಿದರು. ಹುಡುಗಿ ಚೀಲದ ದಾರ ಎಳೆದು ಗಂಟು ಹಾಕಿದಳು. ಆ ತುದಿಯಲ್ಲಿದ್ದ ರಿಂಗನ್ನೇ ಬಹಳ ಹೊತ್ತು ನೋಡಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಬರಿಯ ಅಚ್ಚರಿಯಿತ್ತು.

“ಮತ್ತೆ ಅವರ ಗುರಿ ಯಾಕೆ ತಪ್ಪುತ್ತೆ ಮೇಡಂ?”