ವಾರ್ನಿಶಿನ ಒಳಗೆ

ತ್ರಿಶೂಲದ ದಂಡದ ಮೇಲೆ ಐದು ಬೆರಳು ಮೂಡಿದ್ದವು. ಬಳಿದದ್ದಲ್ಲ, ಕೆತ್ತಿದ್ದೂ ಅಲ್ಲ. ಗಾಜಿನಂಥ ವಾರ್ನಿಶಿನ ಒಳಗೆ, ಬೆಳ್ಳಗೆ ಹೊಳೆಯುವ ಕಬ್ಬಿಣವನ್ನು ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗೆ, ತುಕ್ಕಿನ ಕೆಂಪು.

ನೂಲು ಹುಣ್ಣಿಮೆಯ ಬೆಳಿಗ್ಗೆ. ಮಳೆಗಾಲ ಕಳೆದು ಕಾಸರಕೋಡಿನ ದೋಣಿಗಳು ನೀರಿಗಿಳಿಯುವ ದಿನ. ದಂಡೆಯ ಅಮ್ಮನ ಗುಡಿಯಲ್ಲಿ ಇಪ್ಪತ್ತು ದಿನದಿಂದ ಸುತ್ತಿಟ್ಟಿದ್ದ ಹೊಸ ತ್ರಿಶೂಲದ ಬಟ್ಟೆ ಬಿಚ್ಚಿದವನು ದೋಣಿಯವರ ಮುಖಂಡ ಈರ. ಅವನು ಮೊಣಕಾಲೂರಿದ. ಬೆರಳ ಗುರುತಿಗೆ ಕುಂಕುಮ ಹಚ್ಚಿ, ಅದನ್ನೇ ತೆಗೆದು ಹಣೆಗಿಟ್ಟುಕೊಂಡ. ಹಿಂದಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಹಾಗೇ ಮಾಡಿದರು.

"ಅಮ್ಮ ತಾನೇ ಹಿಡ್ದದೆ," ಎಂದ ಈರ. "ಅಳಿವೆಯಲ್ಲಿ ತೆರೆ ಎಷ್ಟೇ ಇರ್ಲಿ, ಇವತ್ತು ದಾಟೂದೇ. ಈ ವರ್ಷ ಯಾರೂ ಮುಳುಗೂದಿಲ್ಲ."

"ಲಿಂಗಪ್ಪಾಚಾರಿ, ನಿನ್ನ ಕಬ್ಬಿಣಕ್ಕೆ ಕಡೆಗೂ ಒಳ್ಳೆ ಗಿರಾಕಿ ಸಿಕ್ತು ನೋಡು," ಎಂದು ಮುದುಕ ಪಾಂಡು ನಕ್ಕ.

ಲಿಂಗಪ್ಪನಿಗೆ ನಗು ಬರಲಿಲ್ಲ. ಆ ಗುರುತಿನ ಕಿರುಬೆರಳು ಉಳಿದವುಗಳಿಂದ ದೂರ ಸಿಡಿದು ನಿಂತಿತ್ತು. ಅಂಥ ಬೆರಳನ್ನು ಅವನು ದಿನಾ ತನ್ನ ಕುಲುಮೆಯಲ್ಲಿ, ತಿದಿಯ ಹಗ್ಗದ ಮೇಲೆ ಕಾಣುತ್ತಿದ್ದ. ಅದು ಅಲ್ಲಿ ಕೂಲಿಗೆ ಬರುವ ವಿಧವೆ ದುರ್ಗಮ್ಮನದು. ಹೋದ ವರ್ಷ, ಹೊಳೆ ಕಡಲು ಸೇರುವ ಇದೇ ಅಳಿವೆಯಲ್ಲಿ ಅವಳ ಗಂಡ ಶನಿಯಾರ ಮುಳುಗಿದ ಮೇಲೆ, ದೋಣಿ ಹೊರಡುವ ಹೊತ್ತಿಗೆ ಅವಳ ಮುಖ ಕಾಣಬಾರದೆಂದು ಹೇಳಿದವನು ಇದೇ ಈರ. ತಿದಿ ಎಳೆಯುವ ಕೂಲಿಯ ಹೊರತು ಅವಳಿಗೆ ಬೇರೆ ಗತಿ ಇರಲಿಲ್ಲ.

ಯುದ್ಧದಿಂದಾಗಿ ಸರಕು ತರುವ ಮುಂಬಯಿಯ ಆಗಬೋಟು ಹಡಗು ನಿಂತು, ಕೈಯಲ್ಲಿ ಉಳಿದದ್ದು ಒಂದೇ ಡಬ್ಬಿ ವಾರ್ನಿಶು. ಗುಡಿಗೆ ಕೊಡುವ ಮುನ್ನ ಲಿಂಗಪ್ಪ ತ್ರಿಶೂಲವನ್ನು ಮರಳಲ್ಲಿ ಉಜ್ಜಿ, ಕೆಂಡದ ಶಾಖ ತೋರಿಸಿ, "ಬರಿಗೈಲಿ ಮುಟ್ಟೂಕಿಲ್ಲ, ಬೆವರಿನ ಉಪ್ಪು ಸಾಕು ಇದು ತುಕ್ಕು ಹಿಡಿಯೂಕೆ" ಎಂದು ಅವಳಿಗೆ ಹೇಳಿ ಊಟಕ್ಕೆ ಹೋಗಿದ್ದ. ಬಂದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಬ್ಬಿಣದ ಮೇಲೂ ಏನೂ ಕಾಣಲಿಲ್ಲ. ವಾರ್ನಿಶು ಬಳಿದು ಮುಗಿಸಿದ್ದ.

"ನೀನೇ ಮಾಡಿದವ, ಆಚಾರಿ. ಮನುಷ್ಯರ ಕೈ ಯಾವುದೂ ಬೀಳ್ಲಿಲ್ಲ, ಅಲ್ದಾ?" ಈರ ಕೇಳಿದ.

ಬಿದ್ದಿದೆ ಎಂದರೆ ನಾಳೆಯಿಂದ ಅವಳಿಗೆ ಈ ಊರಲ್ಲಿ ನೀರೂ ಹುಟ್ಟದು. ಲಿಂಗಪ್ಪ ನೆಲ ನೋಡುತ್ತ, "ಇಲ್ಲ," ಎಂದ.

ಗುಡಿಯ ಹಿಂದೆ ಒಣಗಿಸಿದ ಬಲೆಗಳ ಮರೆಯಿಂದ ದುರ್ಗಮ್ಮ ಹೊರಬಂದಳು. ಇಪ್ಪತ್ತು ಗಂಡಸರು ಹಿಂದೆ ಸರಿದರು. ಅವಳು ಯಾರನ್ನೂ ನೋಡದೆ ದಂಡವನ್ನು ಹಿಡಿದಳು. ಒಂದೊಂದು ಬೆರಳೂ ಒಂದೊಂದು ಕೆಂಪು ಗುರುತಿನ ಮೇಲೆ ಹೋಗಿ ಕೂತಿತು, ಕಿರುಬೆರಳು ಕೂಡ.

"ನಂಗೆ ಅಂತ ಸುಳ್ಳು ಹೇಳ್ಬೇಡಿ ಆಚಾರಿ," ಎಂದಳು. ಆಮೇಲೆ ಈರನ ಕಡೆ ತಿರುಗಿದಳು. "ನನ್ನ ಗಂಡನ ಹೆಣ ಆದ್ರೂ ಕೊಡು ಅಂತ ಅಮ್ಮನ್ನ ಕೇಳೂಕೆ ಹಿಡ್ದಿದ್ದೆ, ಭಾವ. ಅಮ್ಮನ ಕೈ ಅಂತ ನಂಬ್ಕಂಡು ಆ ತೆರೆಗೆ ಹೋಗ್ಬೇಡಿ. ನಿಮ್ಮ ತಮ್ಮನೂ ನಂಬ್ಕಂಡೇ ಹೋದದ್ದು."

ಈರನ ಕೈ ಹಣೆಯ ಕುಂಕುಮ ಒರೆಸಲು ಮೇಲೆ ಹೋಯಿತು. ದೋಣಿ ಕಳಿಸಲು ಬಂದಿದ್ದ ಅವನ ಹೆಂಡತಿ, ತನ್ನ ಹಣೆಯ ಕುಂಕುಮಕ್ಕೆ ಕೈಯಿಟ್ಟು, ಎದುರಿಗೇ ನಿಂತು ನೋಡುತ್ತಿದ್ದಳು. ಈರನ ಕೈ ಅರ್ಧದಲ್ಲೇ ನಿಂತಿತು.